ಹಿಂಬದಿಯ ದೀಪಗಳು

ಗಂಡ ಶಿವರಂಜನನ ಫೋನು ಹೊಡೆದುಕೊಂಡಾಗ ಭವಾನಿ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಿದ್ದಳು. ಕತ್ತರಿ ಮೊಂಡಾಗಿತ್ತು, ಪ್ಲಾಸ್ಟಿಕ್ಕು ಕತ್ತರಿಸಿಕೊಳ್ಳದೆ ಮಡಚಿಕೊಂಡಿತು. ಊರಿನಲ್ಲಿ ಅವನನ್ನು ಮಣ್ಣು ಮಾಡಿ, ಹಾಲುತುಪ್ಪ ಬಿಟ್ಟು, ಅತ್ತೆಯ ಜೊತೆ ಮದರಾಸಿನ ವೇಲಚೇರಿಯ ಈ ಮನೆಗೆ ವಾಪಸಾದದ್ದು ನಿನ್ನೆ ಸಂಜೆ. ಇವತ್ತು ಬರೀ ಸೋಮವಾರ. ಕೆಳಗೆ ನೀರಿನ ಟ್ಯಾಂಕರು ಪೀಂ ಪೀಂ ಎನ್ನುತ್ತ ಹಿಂದಕ್ಕೆ ಬರುತ್ತಿತ್ತು, ಎದುರು ಫ್ಲಾಟಿನ ಕುಕ್ಕರು ಕೂಗುತ್ತಿತ್ತು. ರಾತ್ರಿ ಆ ಫೋನನ್ನು ಚಾರ್ಜಿಗೆ ಹಾಕಿದವರು ಅತ್ತೆ ಕಲ್ಯಾಣಮ್ಮ. ಮಗನ ವಸ್ತು ಆರಿಹೋಗಬಾರದೆಂದು ಇರಬೇಕು, ಭವಾನಿ ಕೇಳಲಿಲ್ಲ. ಈಗ ಅವರು ಒಳಕೋಣೆಯಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು, ನಡುವೆ ಏಳುವಂತಿರಲಿಲ್ಲ. "ಭವಾನೀ," ಎಂದು ಅಲ್ಲಿಂದಲೇ ಕೂಗಿದರು, ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂಬಂತೆ. ಅವಳು ಕೈ ಒರೆಸಿಕೊಂಡು ಹೋಗಿ ಎತ್ತಿದಳು. ಹಲೋ ಅನ್ನುವ ಮೊದಲೇ ಒಂದು ಹೆಣ್ಣು ದನಿ, ತಮಿಳಿನಲ್ಲಿ, ಅವಸರ ಅವಸರವಾಗಿ: "ಸಾರ್, ಒಣ್ಣು ಪಚ್ಚೆ, ಒಣ್ಣು ಆರೆಂಜು. ಇಷ್ಟು ದಿನ ಫೋನೇ ಎತ್ತಲಿಲ್ಲ ನೀವು. ಇವತ್ತೂ ಹಾಗೇ ಇದೆ. ಇಡ್ತೀನಿ, ಆಯ್ತಾ?" ಇಟ್ಟೇಬಿಟ್ಟಿತು.

ಒಂದು ಹಸಿರು, ಒಂದು ಕಿತ್ತಳೆ. ಆ ದನಿ ಅವಳಿಗೆ ಗೊತ್ತಿತ್ತು, ಗೋಡೆಯಾಚೆಯವರ ದನಿ ಗೊತ್ತಿರುವ ಹಾಗೆ. ಎಷ್ಟೋ ಬೆಳಗ್ಗೆ ಅವನು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋಗಿ, ಬೆನ್ನು ಹಾಕಿ ನಿಂತು, ಹರುಕು ತಮಿಳಿನಲ್ಲಿ, ಮುಂದಿನಿಂದಲ್ಲ, ಹಿಂದುಗಡೆ ಹೋಗಿ ನೋಡಿದಿರಾ ಎಂದು ಕೇಳುತ್ತಿದ್ದ. ಯಾರದು ಎಂದು ಒಮ್ಮೆ ವಿಚಾರಿಸಿದ್ದಳು. ಬೆಸೆಂಟ್ ನಗರದ ಒಬ್ಬ ಕಸ್ಟಮರ್, ಅವರ ಒಂದು ಪವರ್ ಸಪ್ಲೈ ತಂದಿದ್ದೆ, ನಾಳೆ ವಾಪಸ್ ಕೊಟ್ಟು ಬರ್ತೀನಿ ಅಂದಿದ್ದ. ಆಮೇಲೂ ನಾಳೆ ಅಂದ. ಕೊನೆಯ ಬೆಳಗ್ಗೆಯೂ ನಾಳೆ ಅಂದ. "ದಿನಾ ಇದನ್ನೇ ಹೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಎಂದಿದ್ದಳು ಅವಳು, ಕಸದ ಚೀಲಕ್ಕೆ ಗಂಟು ಹಾಕುತ್ತ, ಅವನ ಕಡೆ ನೋಡದೆ. ಅವನು ಲೋಟ ತೊಳೆದು ಬೋರಲು ಹಾಕಿ ಹೋದ. ಸಂಜೆ ಬಂದು ಬಾಗಿಲ ಬಳಿ ಶೂ ಬಿಚ್ಚಲು ಬಾಗಿದವನು ಮೇಲೇಳಲಿಲ್ಲ. ಏನು ಹುಡುಕ್ತಿದೀಯ ಅಲ್ಲಿ ಎಂದು ಅವಳು ಅಡುಗೆಮನೆಯಿಂದ ಕೇಳಿದ್ದಳು. ಎರಡು ಸಲ ಕೇಳಿದ್ದಳು, ಎರಡನೆಯ ಸಲ ಸಿಡುಕಿನಿಂದ.

"ಯಾರವ್ವ ಅದು?" ಪೂಜೆ ಮುಗಿಸಿ ಬಂದ ಕಲ್ಯಾಣಮ್ಮ ಕೇಳಿದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಕೆಲಸದ ಫೋನು ಅತ್ತೆ."

"ಗೊತ್ತಿಲ್ಲೇನು ಅವ್ರಿಗೆ?"

"ಇಲ್ಲ."

"ಹೇಳ್ಬೇಕಿತ್ತಿಲ್ಲೇನು ನೀನು?"

ಹೇಳಬೇಕಿತ್ತು. ಆ ಮಾತನ್ನು ಅವಳು ಇನ್ನೂ ತನ್ನ ಬಾಯಿಂದ ಆಡಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅಂದರು, ಪಕ್ಕದ ಮನೆಯವರು ಊರಿಗೆ ಫೋನು ಮಾಡಿ ಅಂದರು, ಆಫೀಸಿನ ಗುಂಪಿಗೆ ಯಾರೋ ಬರೆದು ಹಾಕಿದರು. ಎಲ್ಲರೂ ಅವಳ ಪಾಲಿನದನ್ನೂ ಅಂದು ಮುಗಿಸಿದ್ದರು. "ಇವತ್ತು ಆಫೀಸಿಗೆ ಹೋಗ್ತೀನಿ," ಎಂದಳು. "ನೀವೇ ಅಂದ್ರಲ್ಲ, ನಮ್ಮಲ್ಲಿ ಸೂತಕ ಇಲ್ಲ ಅಂತ."

"ಲಿಂಗ ಕಟ್ಟಿದೋರಿಗೆ ಎಲ್ಲೀದವ್ವ ಸೂತಕ," ಎಂದರು ಕಲ್ಯಾಣಮ್ಮ. ಕಿಟಕಿಯ ಸರಳು ಹಿಡಿದರು. "ಆದ್ರೂ ಕಣ್ಣಾಗ ಒಂದ್ ಹನಿ ನೀರು ಬಂದ ಮ್ಯಾಲೆ ಹೋಗಿದ್ರೆ ಚೆನ್ನಾಗಿರ್ತಿತ್ತು." ಅಂದದ್ದಕ್ಕೆ ತಾವೇ ಗಾಬರಿಯಾದವರಂತೆ ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಸದ್ದು ಮಾಡಿ ತೆಗೆದರು. "ಬುತ್ತಿ ಕಟ್ಲೇನು? ಚಿತ್ರಾನ್ನ ಐತಿ."

ಬಸ್ಸು ತುಂಬಿತ್ತು. ಮೆಟ್ಟಿಲ ಮೇಲೇ ನಿಂತವಳಿಗೆ ಕಂಡಕ್ಟರು, ಒಳಗೆ ಹೋಗಮ್ಮ, ಕಂಬದ ಹಾಗೆ ನಿಂತಿದೀಯಲ್ಲ ಎಂದು ಗದರಿದ. ಪಕ್ಕದವಳು ನಕ್ಕಳು. ಭವಾನಿ ಒಳಗೆ ಸರಿದಳು, ಮತ್ತು ಗಿಂಡಿ ಸ್ಟಾಪು ಬರುವವರೆಗೆ ಆ ಗದರಿಕೆಯನ್ನು ಬಾಯಲ್ಲಿಟ್ಟ ಕಲ್ಲುಸಕ್ಕರೆಯಂತೆ ಹೊರಳಿಸಿಕೊಂಡಳು. ಅಷ್ಟು ದಿನಗಳಲ್ಲಿ ಅವಳ ಮೇಲೆ ದನಿ ಎತ್ತಿದ ಮೊದಲನೆಯವನು ಅವನು. ಊರಿನಲ್ಲಿ ಅವಳನ್ನು ಕೈಹಿಡಿದು ಕೂರಿಸಿದರು, ಕೈಹಿಡಿದು ಎಬ್ಬಿಸಿದರು. ಗುಣಿಯ ಅಂಚಿನಲ್ಲಿ ಅವಳು ಒಂದು ಹೆಜ್ಜೆ ಮುಂದಿಟ್ಟಾಗ ನಾಲ್ಕು ಕೈಗಳು ಹಿಂದಕ್ಕೆಳೆದವು. ಅವಳು ನೋಡಬೇಕೆಂದಿದ್ದದ್ದು ಇಷ್ಟೆ: ಅವನ ಬಲಗಾಲಿನ ಹೆಬ್ಬೆರಳಿಗೆ ತಾನು ಹಚ್ಚಿದ ಪ್ಲಾಸ್ಟರು ಇನ್ನೂ ಇದೆಯೇ ಎಂದು. ಅದನ್ನು ಯಾರಿಗೆ ಹೇಳುವುದು.

ಅವಳೂ ಶಿವರಂಜನನೂ ಒಂದೇ ಕಂಪನಿಯವರು. ಬೇರೆಯವರ ಆಫೀಸು, ಆಸ್ಪತ್ರೆ, ಅಂಗಡಿಗಳ ನೆಟ್‌ವರ್ಕು ನಿಲ್ಲದ ಹಾಗೆ ನೋಡಿಕೊಳ್ಳುವುದು ಕಂಪನಿಯ ಕೆಲಸ. ಅವನು ಬ್ಯಾಗು ಹೊತ್ತು ಊರೆಲ್ಲ ಓಡಾಡುವವನು. ಅವಳು ಎರಡನೆಯ ಮಹಡಿಯ ತಣ್ಣನೆಯ ಕೋಣೆಯಲ್ಲಿ ಗೋಡೆಯಗಲದ ಪರದೆಗಳ ಮುಂದೆ ಕೂರುವವಳು. ದೊಡ್ಡ ರೂಟರುಗಳಿಗೆ ಹಿಂಬದಿಯಲ್ಲಿ ಎರಡು ಪವರ್ ಸಪ್ಲೈ ಇರುತ್ತವೆ, ಗೂಡಿನಲ್ಲಿಟ್ಟ ಇಟ್ಟಿಗೆಗಳ ಹಾಗೆ. ಒಂದಕ್ಕೆ ಯುಪಿಎಸ್ಸಿನಿಂದ ಕರೆಂಟು, ಇನ್ನೊಂದಕ್ಕೆ ನೇರ ಲೈನಿನಿಂದ. ಎರಡಕ್ಕೂ ಒಂದೊಂದು ಪುಟ್ಟ ದೀಪ. ಹಸಿರಾದರೆ ಜೀವಂತ, ಕಿತ್ತಳೆಯಾದರೆ ಗೂಡಿನಲ್ಲಿದೆ ಆದರೆ ಕೆಲಸವಿಲ್ಲ. ಒಂದು ಸತ್ತರೂ ರೂಟರು ನಡೆಯುತ್ತದೆ. ಮುಂಬದಿಯ ದೀಪ ಹಸಿರಾಗಿಯೇ ಇರುತ್ತದೆ, ಒಳಗೆ ಬಂದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಉಳಿದ ಒಂದೂ ಹೋದ ದಿನವೇ ಎಲ್ಲರಿಗೂ ಗೊತ್ತಾಗುವುದು.

ಅವಳು ಬಂದದ್ದೇ ಕೋಣೆಯ ಮಾತು ನಿಂತಿತು. ಯಾರೋ ಎದ್ದು ಬಾಗಿಲು ಹಿಡಿದರು, ಯಾರೋ ಎಸಿಯ ಗಾಳಿ ಅವಳ ಕಡೆ ಬೀಳದ ಹಾಗೆ ತಿರುಗಿಸಿದರು. ಅವಳ ಜಾಗದಲ್ಲಿ ಹರ್ಷಿಣಿ ಕೂತಿದ್ದಳು. ಹೋದ ವರ್ಷ ಸೇರಿದ ಹುಡುಗಿ, ಮನೆಮಾತು ಕನ್ನಡವಾದರೂ ಬಾಯಿ ಬಿಟ್ಟರೆ ತಮಿಳು, ಇಂಗ್ಲಿಷು. ಕುರ್ಚಿಯನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಿದ್ದಳು. ಭವಾನಿ ಕೂತಾಗ ಕಾಲು ನೆಲಕ್ಕೆ ಸಿಗಲಿಲ್ಲ. ಹಿಡಿ ಎಳೆದಳು. ಇಳಿಯಿತು, ಮತ್ತೆ ತಾನಾಗಿ ಏರಿತು. ಮತ್ತೆ ಎಳೆದಳು. "ಅಕ್ಕಾ, ನೀಂಗ ಸುಮ್ಮನೆ ಕೂತ್ಕೊಳ್ಳಿ, ಐ ವಿಲ್ ಹ್ಯಾಂಡಲ್," ಎಂದಳು ಹರ್ಷಿಣಿ, ಹಾಸಿಗೆ ಹಿಡಿದವರೊಡನೆ ಮಾತಾಡುವ ದನಿಯಲ್ಲಿ. ಟೀ ಬಂತು, ಸಕ್ಕರೆ ದುಪ್ಪಟ್ಟು. ಮಾಡಲು ಏನನ್ನೂ ಕೊಡಲಿಲ್ಲ. ಭವಾನಿ ಕಾಲು ತೂಗಾಡಿಸಿಕೊಂಡು ಪರದೆ ನೋಡಿದಳು. ಪರದೆಯ ಬಲಭಾಗ ಕಿತ್ತಳೆಯ ಸಾಲುಗಳಿಂದ ತುಂಬಿಹೋಗಿತ್ತು.

"ಇದೆಲ್ಲ ಏನು? ಯಾವಾಗಿಂದ?"

ಹರ್ಷಿಣಿ ಪೆನ್ನಿನ ಮುಚ್ಚಳ ಕಚ್ಚಿದಳು. "ಶುಕ್ರವಾರದಿಂದ ಅಕ್ಕಾ. ಸಾರ್ ಲಾಗಿನ್ ಕ್ಲೋಸ್ ಪಣ್ಣಿಟ್ಟಾಂಗ. ಅದಕ್ಕೇ."

ಶಿವರಂಜನನ ಲಾಗಿನ್ ಮುಚ್ಚಿದ್ದರು. ಯಂತ್ರವೊಂದು ದೂರು ಹೇಳಿದಾಗ ಯಾರಾದರೂ, ಗೊತ್ತಿದೆ, ನಾನು ನೋಡಿಕೊಳ್ಳುತ್ತೇನೆ ಎಂದು ತಮ್ಮ ಹೆಸರಿನಲ್ಲಿ ಒಪ್ಪಿಕೊಂಡರೆ ಅದು ಪರದೆಯಿಂದ ಇಳಿದು ಸುಮ್ಮನಾಗುತ್ತದೆ. ಅವನು ಹಾಗೆ ಒಪ್ಪಿಕೊಂಡದ್ದೆಲ್ಲ, ಒಪ್ಪಿಕೊಂಡವನ ಹೆಸರೇ ಇಲ್ಲವಾದಾಗ, ಒಮ್ಮೆಗೇ ಎದ್ದು ಬಂದಿತ್ತು. ಇಷ್ಟೊಂದನ್ನೇ ಎಂದು ಅವಳಿಗೆ ಸಿಟ್ಟು ಬಂತು. ಮನೆಯಲ್ಲಿ ಗೀಸರು ಕೆಟ್ಟಾಗಲೂ ಹೀಗೇ, ನಾನು ನೋಡ್ಕೋತೀನಿ ಬಿಡು. ನಡುವೆ ಒಂದು ಸಾಲು: ಬೆಸೆಂಟ್ ನಗರ, ಆರೈಕೆ ಕೇಂದ್ರ, ಪವರ್ ಸಪ್ಲೈ ಎರಡು, ವಿಫಲ. ಆಸ್ಪತ್ರೆಯಿಂದ ಬಿಟ್ಟ ಮೇಲೂ ಹಾಸಿಗೆ ಬಿಟ್ಟೇಳಲಾಗದವರನ್ನು ಇಟ್ಟುಕೊಳ್ಳುವ ಜಾಗ ಅದು. ಒಂದೊಂದು ಮಂಚಕ್ಕೂ ಒಂದೊಂದು ಕರೆಗಂಟೆ, ಗಂಟೆಗಳೆಲ್ಲ ಆ ರೂಟರಿನ ಮೂಲಕ. ಅದು ನಿಂತರೆ ಗಂಟೆ ಒತ್ತಿದವರು ಒತ್ತುತ್ತಲೇ ಇರುತ್ತಾರೆ, ಯಾರಿಗೂ ಕೇಳಿಸುವುದಿಲ್ಲ.

ಅವಳು ಎದ್ದು ಮ್ಯಾನೇಜರು ಜಯಪ್ರಕಾಶರ ಗಾಜಿನ ಕೋಣೆಗೆ ಹೋದಳು. ಜಯಪ್ರಕಾಶರದ್ದು ಅಜ್ಜನ ಕಾಲದಿಂದ ಮದರಾಸಿನಲ್ಲೇ ಇರುವ ಕನ್ನಡದ ಮನೆ. ಅವರು ಎದ್ದು ನಿಂತರು. ಮೇಜಿನ ಮೇಲೆ ಶಿವರಂಜನನ ಫೋಟೋ ಇತ್ತು, ಐಡಿ ಕಾರ್ಡಿನದನ್ನು ಹಿಗ್ಗಿಸಿದ್ದು, ಕಿವಿಗಳು ಮಸುಕಾಗಿದ್ದವು.

"ಫ್ರೇಮ್ ಹಾಕಿಸ್ತಿದೀನಮ್ಮಾ. ಮಾನಿಟರಿಂಗ್ ರೂಮಲ್ಲೇ ಗೋಡೆಗೆ ಮಾಟೋಣ ಅಂತ. ದೇವರಂಥ ಆಳು."

"ಸರ್, ಬೆಸೆಂಟ್ ನಗರದ ಪವರ್ ಸಪ್ಲೈ."

"ಅದನ್ನೇ ಹೇಳ್ತೀನಿ ಕೇಳು. ಇಲ್ಲಿ ನಮ್ಮ ದೊಡ್ಡ ಕಸ್ಟಮರ್‌ದು ಒಂದು ಸಪ್ಲೈ ಹೊಗೆ ಬಂದುಡ್ಚು. ನಮ್ಮ ಹತ್ರ ಸ್ಪೇರ್ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ಕೈ ಎತ್ತಿಬಿಡ್ತಿದ್ರು. ಇವನು ಏನ್ ಮಾಡಿದ? ಬೆಸೆಂಟ್ ನಗರಕ್ಕೆ ಗಾಡಿ ಓಡಿಸಿದ. ಅಲ್ಲಿ ಒಳ್ಳೇದನ್ನ ಎಡುತ್ಕಂಡು, ಕೆಟ್ಟದ್ದನ್ನ ಆ ಗೂಡಲ್ಲಿ ಇಟ್ಟು ಬಂದ, ತೂತು ಕಾಣಬಾರದು ಅಂತ. ಎನ್ನ ಮೂಳೈ, ಏನ್ ತಲೆ ಅವನದ್ದು! ನಾನೇ ಹೇಳಿದ್ದು ಅವನಿಗೆ, ಎರಡು ದಿನ ಅನ್ನು, ಕೊಡ್ತಾರೆ ಅಂತ."

"ದೊಡ್ಡ ಕಸ್ಟಮರಿಗೆ ಹೊಸದು ಬಂತಲ್ಲ."

"ಬಂತು ಬಂತು."

"ಹಾಗಾದ್ರೆ ಅವರದ್ದು ಎಲ್ಲಿದೆ?"

ಜಯಪ್ರಕಾಶರು ಫೋಟೋವನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದರು. ಸ್ಟೋರಿನಲ್ಲಿದೆ ಎಂದರು. ಇನ್ನೊಂದು ಸಲ ದೊಡ್ಡವರಿಗೆ ಏನಾದರೂ ಆದರೆ ಕೈಯಲ್ಲಿ ಒಂದು ಬೇಕಲ್ಲ. ಆರೈಕೆ ಕೇಂದ್ರದಲ್ಲಿರೋ ಕೆಟ್ಟದ್ದಕ್ಕೆ ಬದಲು ಆರ್ಡರ್ ಹಾಕೋಣ, ಬರುತ್ತೆ. ಅಲ್ಲಿ ಒಂದರಲ್ಲಿ ನಡೀತಿದೆಯಲ್ಲ. ಮತ್ತೆ ದನಿ ಇಳಿಸಿ, "ಈಗ ಅದನ್ನ ಕೆದಕಿದ್ರೆ ಶಿವರಂಜನ್ ಪೇರು ಬರುತ್ತಮ್ಮಾ ಮಧ್ಯೆ. ಹೋದವನ ಮೇಲೆ ಮಾತು ಬರೋದು ನಂಗೆ ಇಷ್ಟ ಇಲ್ಲ. ನೀ ಟೆನ್ಶನ್ ಎಡುತ್ಕಬೇಡ. ಮನೆಗೆ ಹೋಗು, ರೆಸ್ಟ್ ಮಾಡು," ಎಂದರು. ಅವರ ಕಣ್ಣಂಚು ನಿಜವಾಗಿಯೂ ಒದ್ದೆಯಾಗಿತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಒಬ್ಬ ಕೆಟ್ಟ ಮನುಷ್ಯನೊಡನೆ ಜಗಳ ಕಾಯಬಹುದು. ಒದ್ದೆ ಕಣ್ಣಿನವನ ಎದುರು ಅವಳ ಒಣ ಕಣ್ಣುಗಳೇ ತಪ್ಪಿತಸ್ಥವಾದವು.

ಹೊರಗೆ ನೀರಿನ ಕ್ಯಾನಿನ ಬಳಿ ಹರ್ಷಿಣಿ ಹಿಂದೆಯೇ ಬಂದಳು. ಆಚೀಚೆ ನೋಡಿ ಪಿಸುಗುಟ್ಟಿದಳು. "ಅಕ್ಕಾ, ಶಿವರಂಜನ್ ಸಾರ್ ಅದನ್ನ ಡೈಲಿ ಕೇಟ್ಟಾರು. ಡೈಲಿ. ಕೊಡಿ ಸಾರ್, ಹೋಗೋವಾಗ ಕೊಟ್ಟು ಬಿಡ್ತೀನಿ ಅಂತ. ಜೇಪಿ ಸಾರ್ ನೆಕ್ಸ್ಟ್ ವೀಕ್, ನೆಕ್ಸ್ಟ್ ವೀಕ್. ಲಾಸ್ಟ್ ಡೇ, ನೀವು ಮನೆಗೆ ಹೋದ ಮೇಲೆ, ಎಲ್ಲರ ಮುಂದೆ ಬೈದ್ರು. ಅದೇನು ನಿನ್ನ ಮಾವನ ಮನೆ ಆಸ್ತಿಯಾ, ಅಷ್ಟು ಅವಸರ ಅಂತ. ಎಲ್ಲಾ ಸಿರಿಚ್ಚಾಂಗ. ನಾನೂ ನಕ್ಕೆ ಅಕ್ಕಾ, ಸಾರಿ."

ಭವಾನಿ ಲೋಟ ತುಂಬಿ ಚೆಲ್ಲುವವರೆಗೆ ನಲ್ಲಿ ಬಿಟ್ಟೇ ಇದ್ದಳು. ಹಾಗಾದರೆ ಬೆಳಗ್ಗೆ ಅವಳಿಂದ ನಾಚಿಕೆ ಆಗಲ್ವಾ ಎಂದು ಕೇಳಿಸಿಕೊಂಡು ಬಂದು, ಇಲ್ಲಿ ಎಲ್ಲರೆದುರು ಕೇಳಿಸಿಕೊಂಡು, ಸಂಜೆ ಬಂದು ಶೂ ಬಿಚ್ಚಲು ಬಾಗಿದ. ಒಂದು ಮಾತು ಹೇಳಲಿಲ್ಲ. ಜೇಪಿ ಕೊಡ್ತಿಲ್ಲ ಕಣೇ ಎಂಬ ಮೂರು ಶಬ್ದ. ಇದೇ ಗೋಡೆಯ ಈಚೆ ಕೂತಿದ್ದಳು ಅವಳು. ಹೋಗಿ ಕೇಳಬಹುದಿತ್ತು, ಜಗಳವಾಡಬಹುದಿತ್ತು. ಹೆಂಡತಿಯ ಎದುರು ಸಣ್ಣವನಾಗಬಾರದೆಂದು ಸೋಮಾರಿಯಾಗಿಯೇ ಕಾಣಿಸಿಕೊಂಡ. ಅವಳಿಗೆ ಅವನ ಭುಜ ಹಿಡಿದು ಅಲುಗಾಡಿಸಬೇಕೆನಿಸಿತು. ಮಣ್ಣಿನಲ್ಲಿ ಕೂತವನ ಭುಜ. ಯಾರೂ ಅವನನ್ನು ಬೈಯುವಂತಿಲ್ಲ ಈಗ, ಅವಳೂ ಬೈಯುವಂತಿಲ್ಲ. ಕಿವಿ ಮಸುಕಾದ ಫೋಟೋ ಗೋಡೆಗೇರುತ್ತದೆ, ಅದರ ಕೆಳಗಿನ ಪರದೆಯಲ್ಲಿ ಬೆಸೆಂಟ್ ನಗರ ಕಿತ್ತಳೆಯಾಗಿಯೇ ಇರುತ್ತದೆ, ಇನ್ಯಾರೋ ನನಗೆ ಗೊತ್ತಿದೆ ಎಂದು ಅದನ್ನು ಸುಮ್ಮನಾಗಿಸುತ್ತಾರೆ. ಆ ಮಂಚಗಳಲ್ಲೊಂದರಿಂದ ಯಾರಾದರೂ ಗಂಟೆ ಒತ್ತಿ ಕಾಯುತ್ತಿರುವಾಗ ಉಳಿದ ದೀಪವೂ ಹೋದರೆ, ಅದು ಅವನು ಮಾಡಿದ್ದಾಗುತ್ತದೆ. ಎಂದೆಂದಿಗೂ ಅವನದೇ ಆಗುತ್ತದೆ.

ಸ್ಟೋರಿನ ಬಾಗಿಲು ತೆರೆದೇ ಇತ್ತು. ಎರಡನೆಯ ಹಲಗೆಯಲ್ಲಿ, ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪವರ್ ಸಪ್ಲೈ ಸಿಕ್ಕಿತು. ಮೇಲೆ ಅವನ ಅಕ್ಷರದಲ್ಲಿ ಒಂದು ಚೀಟಿ: ಬೆ. ನಗರದವರದ್ದು. ನೆನೆಸಿದ್ದಕ್ಕಿಂತ ಭಾರವಿತ್ತು. ಅವಳು ಅದನ್ನು ಚೀಲಕ್ಕೆ ಹಾಕಲಿಲ್ಲ. ಮಗುವನ್ನು ಎತ್ತಿಕೊಂಡಂತೆ ಎದೆಗೆ ಒತ್ತಿ ಹಿಡಿದು, ಎಲ್ಲರೆದುರು, ಗಾಜಿನ ಕೋಣೆಯ ಮುಂದಿನಿಂದಲೇ ನಡೆದಳು. ಜಯಪ್ರಕಾಶರು ಧಡಕ್ಕನೆ ಎದ್ದು ಹೊರಗೆ ಬಂದರು. ಕೈ ಚಾಚಿದರು. ಬಾಯಿ ತೆರೆದರು. ಅವಳು ನಿಂತು, ಅವರ ಮುಖವನ್ನೇ ನೋಡಿದಳು. ಇಡೀ ಬೆಳಗ್ಗೆ ಮೈಗೆ ಅಂಟಿದ್ದ ಆ ಮರುಕ ಒಂದು ಕೆಲಸಕ್ಕೆ ಬರುತ್ತದೆಂದು ಆಗ ಹೊಳೆಯಿತು. ಮರುಕ ಪಡುವವರು ಕೈ ಹಿಡಿದು ಕಸಿದುಕೊಳ್ಳಲಾರರು. ಕೋಣೆಯೆಲ್ಲ ನೋಡುತ್ತಿತ್ತು. ಜಯಪ್ರಕಾಶರ ಚಾಚಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು ತನ್ನದೇ ಜೇಬಿಗೆ ಹೋಯಿತು.

"ಆಟೋ... ಆಟೋ ಕರೆಸ್ಲಾಮ್ಮಾ?" ಎಂದರು.

"ಬೇಡ ಸರ್," ಎಂದಳು ಅವಳು. ಮೆಟ್ಟಿಲಿಳಿದಳು. ನಗು ಬಂತು, ಆ ನಗುವಿಗೆ ಹೇಸಿಗೆಯೂ ಆಯಿತು.

ಆರೈಕೆ ಕೇಂದ್ರ ಸಮುದ್ರಕ್ಕೆ ಹೋಗುವ ಒಂದು ಅಡ್ಡರಸ್ತೆಯಲ್ಲಿತ್ತು, ಹಳೆಯ ಬಂಗಲೆ. ಗೇಟಿನ ಕಬ್ಬಿಣವನ್ನೆಲ್ಲ ಉಪ್ಪುಗಾಳಿ ತಿಂದಿತ್ತು. ವರಾಂಡದಲ್ಲಿ ಒಬ್ಬ ಮುದುಕರು ಗಾಲಿಕುರ್ಚಿಯಲ್ಲಿ ಕೂತು, ಬಂದವಳು ತನ್ನ ಮಗಳೋ ಎಂದು ನೋಡಿ, ಅಲ್ಲವೆಂದು ಮುಖ ತಿರುಗಿಸಿದರು. ನೀಲಿ ಕೋಟು ತೊಟ್ಟ ಗಟ್ಟಿಮುಟ್ಟಾದ ಹೆಂಗಸು ತೊಳೆದ ಬೆಡ್‌ಪ್ಯಾನುಗಳ ಗೋಪುರ ಹಿಡಿದು ಬಂದಳು. ಕೋಟಿನ ಮೇಲೆ ಬೇಬಿ ಎಂದು ಹೆಸರಿತ್ತು. ಭವಾನಿ ಕಂಪನಿಯ ಹೆಸರು ಹೇಳಿದ್ದೇ ತಡ, ಬೆಳಗಿನ ಫೋನಿನ ದನಿ ಕೆಂಡವಾಯಿತು.

"ಬಂದ್ರಾ! ಇವತ್ತಾದ್ರೂ ಬಂದ್ರಾ! ಎಲ್ಲಿ ನಿಮ್ಮ ಸಾರು? ಹೆದರಿಕೊಂಡು ಹೆಂಗಸನ್ನ ಕಳಿಸಿದಾರಾ?" ತಮಿಳು ಮಳೆಯಂತೆ ಬಿತ್ತು. "ರೆಂಡೇ ನಾಳ್, ಅಕ್ಕಾ, ಎರಡೇ ದಿನ ಅಂತ ನನ್ನ ಕಾಲಿಗೆ ಬೀಳೋದೊಂದು ಬಾಕಿ. ಪಾಪ ಅಂತ ನಮ್ಮ ಮೇಡಮ್ ಹತ್ರ ನಾನೇ ಹೇಳಿ ಕೊಡಿಸಿದೆ. ಆಮೇಲೆ ನನಗೇ ಪಾಠ: ದಿನಾ ಹಿಂದೆ ಹೋಗಿ ದೀಪ ನೋಡಿ ಹೇಳಿ ಅಂತ. ನನ್ನ ಸೊಂಟ ನೋಡಿದೀಯಾ? ಆ ಸಂದಿಯಲ್ಲಿ ಬಗ್ಗಿ ಬಗ್ಗಿ ಬಿದ್ದುಹೋಯ್ತು. ಹೋದ ವಾರ ಎಲೆಕ್ಟ್ರಿಷಿಯನ್ ಯುಪಿಎಸ್ ಕಿತ್ತ, ಗಂಟೆಗಳೆಲ್ಲ ಸತ್ತವು. ಮೇಲಿನ ತಾತ ಕೂಗಿ ಕೂಗಿ ಗಂಟಲು ಕಟ್ಟಿತು, ಹಾಸಿಗೆಯೆಲ್ಲ ಒದ್ದೆ, ಮಗುವಿನ ಹಾಗೆ ಅತ್ತುಬಿಟ್ಟರು ಆ ಮನುಷ್ಯ. ಫೋನ್ ಮಾಡಿದ್ರೆ ಎತ್ತಲ್ಲ. ಸುಳ್ಳುಗಾರ. ನಗುನಗುತ್ತಾ ಸುಳ್ಳು ಹೇಳೋ ಸುಳ್ಳುಗಾರ."

ಭವಾನಿಗೆ ಬಿಸಿನೀರು ಮೈಮೇಲೆ ಬಿದ್ದಂತಾಯಿತು, ಚಳಿಯಲ್ಲಿದ್ದವರಿಗೆ ಬೀಳುವ ಹಾಗೆ. ಬದುಕಿರುವವನನ್ನು ಬೈಯುವಂತೆ ಬೈಯುತ್ತಿದ್ದಳು ಬೇಬಿ. "ಹೌದು," ಎಂದಳು ಭವಾನಿ, ಬೇಡವೆಂದುಕೊಳ್ಳುವ ಮೊದಲೇ. "ಮನೇಲೂ ಹಾಗೇ. ಗೀಸರು ನಾಳೆ, ಕತ್ತರಿ ಸಾಣೆಗೆ ನಾಳೆ."

"ಮನೇಲಾ? ನೀ ಅವರ ಹೆಂಡತಿಯಾ?" ಬೇಬಿ ಕಣ್ಣರಳಿಸಿದಳು. "ಸರಿ ಬಾ. ನೀನೇ ತಂದ್ಯಲ್ಲ, ಪರವಾಗಿಲ್ಲ. ಮನೆಗೆ ಹೋಗಿ ನನ್ನ ಪರವಾಗಿ ಎರಡು ಹಾಕು."

ಮೆಟ್ಟಿಲ ಕೆಳಗಿನ ಕೋಣೆ ಗಾಲಿಕುರ್ಚಿಗಳಿಂದ, ಹಾಸಿಗೆಗಳಿಂದ ತುಂಬಿತ್ತು. ರ‍್ಯಾಕಿನ ಮುಂಬದಿಯ ದೀಪ ಹಸಿರಾಗಿ ನಿಂತಿತ್ತು. ಬೇಬಿ ಮೊಬೈಲಿನ ಟಾರ್ಚು ಹಿಡಿದು ಗೋಡೆಗೂ ರ‍್ಯಾಕಿಗೂ ನಡುವಿನ ಸಂದಿಗೆ ಅಡ್ಡಡ್ಡವಾಗಿ ನುಗ್ಗಿದಳು, ಹಿಂದೆ ಭವಾನಿ. ಧೂಳಿನ ವಾಸನೆ, ಬಿಸಿಗಾಳಿ. ಎಡಗಡೆ ಹಸಿರು. ಬಲಗಡೆ ಕಿತ್ತಳೆ, ಅಲುಗಾಡದೆ, ಅಪರಾಧವೇ ಇಲ್ಲದಂತೆ ಉರಿಯುತ್ತಿತ್ತು. ಪರದೆಯ ಮೇಲೆ ವರ್ಷಗಟ್ಟಲೆ ನೋಡಿದ ಬಣ್ಣ. ಅದು ಹುಟ್ಟುವ ಜಾಗವನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ವೈರು ಕಿತ್ತಳು. ಚಿಲಕ ಒತ್ತಿ, ಹಿಡಿ ಎಳೆದಳು. ಸತ್ತ ಸಪ್ಲೈ ಬಿಗಿಯಾಗಿ ಕೂತಿತ್ತು. ಮತ್ತೆ ಎಳೆದಾಗ ಒಮ್ಮೆಗೇ ಕೈಗೆ ಬಂದು ಬೆರಳು ತರಚಿತು. ಗೂಡು ಕಪ್ಪಗೆ ಬಾಯಿ ಬಿಟ್ಟಿತು. ಬೇಬಿ ಇನ್ನೂ ಹೇಳುತ್ತಲೇ ಇದ್ದಳು, ನಾಳೆ ಸಾರನ್ನೇ ಕಳಿಸು, ಮುಖ ನೋಡಿ ಕೇಳ್ತೀನಿ, ಎರಡು ದಿನ ಅಂದ್ರೆ ನಿಮ್ಮೂರಲ್ಲಿ ಎಷ್ಟು ಅಂತ.

ಹೀಗೇ ಬಿಟ್ಟರೆ ಇಲ್ಲೊಂದು ಕಡೆ ಅವನು ಸುಳ್ಳುಗಾರನಾಗಿ ಬದುಕಿರುತ್ತಾನೆ. ಅದೂ ಒಂದು ಬದುಕೇ ಎನ್ನಿಸಿತು. ಆದರೆ ಅದು ಅವನ ಪಾಲಿನ ಸುಳ್ಳಲ್ಲ.

"ಅಕ್ಕಾ," ಎಂದಳು ಭವಾನಿ, ಗೂಡನ್ನೇ ನೋಡುತ್ತ. ತಮಿಳಿನಲ್ಲಿ ಶಬ್ದ ಹುಡುಕಬೇಕಾಯಿತು, ಹುಡುಕಬೇಕಾದದ್ದರಿಂದಲೇ ಸಾಧ್ಯವಾಯಿತೇನೋ. "ಅವರು ಸತ್ತುಹೋದರು. ಹೋದ ವಾರ. ಇದನ್ನ ಆಫೀಸಿನವರು ಅವರ ಕೈಗೆ ಕೊಡಲಿಲ್ಲ. ದಿನಾ ಕೇಳಿದರು. ಕೊಡಲಿಲ್ಲ."

ಟಾರ್ಚಿನ ಬೆಳಕು ಕೆಳಗಿಳಿದು ಇಬ್ಬರ ಕಾಲುಗಳ ಮೇಲೆ ನಿಂತಿತು. ಮೇಲೆ ಎಲ್ಲೋ ಒಂದು ಕರೆಗಂಟೆ ಬಾರಿಸಿತು, ಯಾರೋ ಹೋಗಿ ನಿಲ್ಲಿಸಿದರು. ಐಯೋ ಎನ್ನುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದು ಭವಾನಿ ಭುಜ ಬಿಗಿ ಹಿಡಿದು ಕಾದಳು. ಬೇಬಿ ಉಸಿರು ಬಿಟ್ಟಳು, ಮೂಗು ಸೇದಿದಳು.

"ಆದರೂ," ಎಂದಳು ಬೇಬಿ. ದನಿ ಒಡೆದಿತ್ತು, ಸಿಟ್ಟು ಹೋಗಿರಲಿಲ್ಲ. "ರೆಂಡು ನಾಳ್ ಅಂತ ತಾನೇ ಹೇಳಿದ್ದು ಆ ಮನುಷ್ಯ. ನಂಗೆ ಹೇಳಬಹುದಿತ್ತಲ್ಲ, ಕೊಡ್ತಿಲ್ಲ ಅಂತ. ನಾನು ಬಂದು ನಿಮ್ಮ ಆಫೀಸಿನ ಬಾಗಿಲಲ್ಲಿ ಕೂತ್ಕೋತಿದ್ದೆ."

"ನಂಗೂ ಹೇಳಲಿಲ್ಲ," ಎಂದಳು ಭವಾನಿ. ತುಟಿ ಒದ್ದೆಯಾಗಿ, ಉಪ್ಪಾಗಿ, ಯಾಕೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. "ನಂಗೂ ಹೇಳಲಿಲ್ಲ ಅಕ್ಕಾ."

ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗುಳ್ಳೆ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದಳು. ಬೇಬಿ ಟಾರ್ಚನ್ನು ಮತ್ತೆ ಗೂಡಿಗೆ ಹಿಡಿದಳು. ಭವಾನಿ ಕೇಂದ್ರದವರ ವಸ್ತುವನ್ನು ಅವರದೇ ಗೂಡಿನ ಬಾಯಿಗಿಟ್ಟು, ಎರಡೂ ಅಂಗೈಯಿಂದ ಒಳಕ್ಕೆ ತಳ್ಳಿದಳು. ಅದು ಸವೆದ ದಾರಿಯಲ್ಲಿ ಸರಾಗ ಜಾರಿ, ಕೊನೆಗೆ ಕಟ್ ಎಂದು ಕಚ್ಚಿಕೊಂಡಿತು. ಬೇಬಿ ತಾನೇ ವೈರು ಹುಡುಕಿ ಸಿಕ್ಕಿಸಿದಳು. ಸಣ್ಣ ಫ್ಯಾನು ತಿರುಗತೊಡಗಿತು. ಅದರ ಗಾಳಿ ಭವಾನಿಯ ಮುಖಕ್ಕೆ ಬಡಿಯಿತು. ಅವಳು ಒತ್ತುತ್ತಲೇ ಇದ್ದಳು, ಇನ್ನೂ ಒಳಗೆ ಹೋಗಬೇಕೆಂಬಂತೆ.

"ಪೋದುಂಮಾ," ಎಂದಳು ಬೇಬಿ ಮೆಲ್ಲಗೆ. "ಸಾಕು. ಕೈ ತೆಗಿ."

ಅವಳು ಕೈ ತೆಗೆದಳು.